ಒಂದು ಸೊನ್ನೆಯ ಬೆನ್ನು ಹತ್ತಿದ ಅಕ್ಕೋರು

ಅಕ್ಕೋರ ಬಲಗೈಯ ನಡುವಿನ ಮೂರು ಬೆರಳುಗಳ ತುದಿಗಳು ಚಪ್ಪಟೆಯಾಗಿದ್ದವು. ಒತ್ತಿ ಒತ್ತಿ ಅಗಲವಾಗಿ, ನುಣುಪಾಗಿ, ಗೆರೆಗಳೇ ಮಾಸಿಹೋಗಿದ್ದವು. ಎಡಗೈ ಮಾತ್ರ ಎಲ್ಲ ಹೆಂಗಸರ ಕೈಯಂತೆಯೇ ಇತ್ತು. ಎಲ್ಲಿ ಅಂಕಿ ಕಂಡರೂ ಆ ಮೂರು ಬೆರಳು ತಾವಾಗಿಯೇ ಆಡುತ್ತಿದ್ದವು. ಬಸ್ಸಿನ ನಂಬರಿರಲಿ, ಬಾಗಿಲ ಮೇಲಿನ ಮನೆ ನಂಬರಿರಲಿ, ಕ್ಯಾಲೆಂಡರಿನ ತಾರೀಖಿರಲಿ, ಸೀರೆಯ ನೆರಿಗೆಯ ಮೇಲೆ ಬೆರಳು ಟಕಟಕ ಎನ್ನುತ್ತಿದ್ದವು. ಅದು ಅವರಿಗೇ ಗೊತ್ತಾಗುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಂದು ಅರಿವೆ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರು ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುವುದೇ ರೂಢಿ. ನಾನು ಅವರನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ. ಅವರ ಮೂಲ ಬಸವನ ಬಾಗೇವಾಡಿ ಕಡೆಯ ಹಳ್ಳಿ. ತಂದೆ ಮುಂಬಯಿಯ ಗಿರಣಿ ಸೇರಿದ್ದರಿಂದ ಅಲ್ಲೇ ಬೆಳೆದು, ಅಲ್ಲಿಯ ಒಂದು ವಿಮಾ ಕಂಪನಿಯಲ್ಲಿ ಹನ್ನೊಂದು ವರ್ಷ ದುಡಿದಿದ್ದರು. ಕಂಪ್ಯೂಟರು ಎಂಬ ಶಬ್ದ ನಾನು ಮೊದಲು ಕೇಳಿದ್ದು ಅವರ ಬಾಯಿಂದ.

ಆಗಿನ ಕಂಪ್ಯೂಟರಿಗೆ ಏನನ್ನಾದರೂ ಹೇಳಬೇಕಾದರೆ ಕಾರ್ಡಿನಲ್ಲಿ ತೂತು ಹಾಕಿ ಹೇಳಬೇಕಿತ್ತು. ಪೋಸ್ಟ್‌ಕಾರ್ಡಿಗಿಂತ ತುಸು ಉದ್ದದ ಕಾರ್ಡು. ಅದರ ಮೇಲೆ ಒತ್ತೊತ್ತಾಗಿ ನಿಂತ ಸಾಲುಗಳು, ಪ್ರತಿ ಸಾಲಿನಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ. ಬೇಕಾದ ಅಂಕಿಯ ಮೇಲೆ ಯಂತ್ರದಿಂದ ತೂತು ಬೀಳಿಸಬೇಕು. ಇನ್ನೊಂದು ಯಂತ್ರ ಆ ತೂತುಗಳನ್ನು ಓದುತ್ತದೆ, ಮತ್ತೊಂದು ಗಡಗಡ ಎಂದು ಉದ್ದನೆಯ ಹಾಳೆಯ ಮೇಲೆ ಅಚ್ಚು ಹೊಡೆಯುತ್ತದೆ. ಅಕ್ಕೋರು ಕಾರ್ಡುಗಳ ಕೋಣೆಯಲ್ಲಿದ್ದರು.

"ಒಬ್ಬಾಕಿ ತೂತ ಹಾಕ್ಬೇಕು, ಇನ್ನೊಬ್ಬಾಕಿ ಅದನ್ನ ತಪಾಸ ಮಾಡ್ಬೇಕು. ನಾ ತಪಾಸ ಮಾಡಾಕಿ ಇದ್ದೆ," ಎನ್ನುತ್ತಿದ್ದರು. ಅದೇ ಅಂಕಿಗಳನ್ನು ಮತ್ತೊಮ್ಮೆ ಒತ್ತಿದಾಗ ತಾಳೆಯಾಗದಿದ್ದರೆ ಯಂತ್ರ ನಿಂತುಬಿಡುತ್ತಿತ್ತಂತೆ. ಆಮೇಲೆ ಕಂಪನಿಗೆ ಹೊಸ ಯಂತ್ರ ಬಂತು. ಕಾರ್ಡಿನ ಗೊಡವೆಯಿಲ್ಲದೆ, ಒತ್ತಿದ್ದು ನೇರ ಟೇಪಿನ ಮೇಲೆ ಹೋಗುವ ಯಂತ್ರ. ತಪಾಸಿನವರು ಇನ್ನು ಬೇಡ ಎಂದರು. ಹನ್ನೊಂದು ವರ್ಷ ಮಂದಿಯ ತಪ್ಪು ಹಿಡಿದವರನ್ನು ಒಂದು ಚೀಟಿ ಕೊಟ್ಟು ಕಳಿಸಿದರು. ಅವರು ಊರ ಕಡೆ ಬಂದರು, ಹಳೆಯ ಟೈಪ್‌ರೈಟರು ಕೂಡಿಸಿಕೊಂಡು ಸಿಂದಗಿಯಲ್ಲಿ ಕುಳಿತರು.

ಕ್ಲಾಸಿನಲ್ಲಿ ಅವರ ಬಾಯಿಗೆ ಎಲ್ಲರೂ ಹೆದರುತ್ತಿದ್ದರು. ಒಂದು ಅಕ್ಷರ ತಪ್ಪಿದರೂ ಹಾಳೆ ತಿರುಗಿ ಬರುತ್ತಿತ್ತು. ಆದರೆ ತಪ್ಪು ಮಾಡಿದವರಿಗಿಂತ ಹೆಚ್ಚಾಗಿ, ಹಾಳೆಯನ್ನು ಅದಲುಬದಲು ಮಾಡಿ ನೋಡಬೇಕಾಗಿದ್ದ ಪಕ್ಕದವರಿಗೆ ಬೈಗುಳ. "ಬೆರಳು ತಪ್ಪತಾವ, ಅದು ಅವುಗಳ ಗುಣ. ಕಣ್ಣು ಏನ ಮಾಡಾಕತ್ತಿದ್ವು?" ಎಂದು ಕೇಳುತ್ತಿದ್ದರು.

ನಾನು ಆಲಮೇಲದ ಹತ್ತಿರದ ಹಳ್ಳಿಯವಳು. ಸಿಂದಗಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಮ್ಯಾಟ್ರಿಕ್ ಪರೀಕ್ಷೆ ಬರೆದಿದ್ದೆ. ರಜೆಯಲ್ಲಿ ಟೈಪಿಂಗ್ ಸೇರಿದ್ದೆ. ಜೂನಿನಲ್ಲಿ ಫಲಿತಾಂಶ ಬಂತು: ಫೇಲು. ಗಣಿತದಲ್ಲಿ ಏಳು. ವಿಜ್ಞಾನದಲ್ಲಿ ಹದಿನೈದು. ಇಡೀ ಸಾಲೆಗೆ ಗಣಿತ ಹೇಳಿಕೊಡುತ್ತಿದ್ದವಳು ನಾನು. ಹೆಡ್‌ಮಾಸ್ತರರು ಅಂಕಪಟ್ಟಿ ಕೊಡುತ್ತ, "ಈ ಸಲದಿಂದ ಕಂಪ್ಯೂಟರಿನ್ಯಾಗ ಮಾಡ್ಯಾರವ್ವಾ. ಅದರಾಗ ಚೂರೂ ಹೆಚ್ಚುಕಡಿಮಿ ಆಗೂದಿಲ್ಲ," ಎಂದರು. ಮನೆಯಲ್ಲಿ ಅಣ್ಣ, "ಇನ್ನ ಸಾಲಿ ಸಾಕು," ಎಂದ. ನನಗೇ ನನ್ನ ಮೇಲೆ ನಂಬಿಕೆ ಹೋಗಿತ್ತು. ಎಲ್ಲೋ ತಲೆ ಕೆಟ್ಟು ಏನೇನೋ ಬರೆದಿರಬೇಕು ಅಂದುಕೊಂಡೆ.

ಟೈಪಿಂಗ್ ಬಿಡುತ್ತೇನೆಂದು ಹೇಳಲು ಹೋದಾಗ ಅಕ್ಕೋರು ಅಂಕಪಟ್ಟಿ ಕೇಳಿದರು. ಬೆರಳು ಟಕಟಕ ಎಂದವು. ನಿಂತವು. ಮತ್ತೆ ಎಂದವು.

"ಗಣಿತ ಸೊನ್ನಿ-ಏಳು. ವಿಜ್ಞಾನ ಒಂದು-ಐದು. ಸಮಾಜ ನಾಕು-ಆರು. ಸಾಲಾಗಿ ಬರಿ ನೋಡೂಣು."

ಬರೆದೆ: 0 7 1 5 4 6.

"ಮೊದಲಿನ ಸೊನ್ನಿ ಹೊಡದು ಹಾಕು. ಈಗ ಎರಡೆರಡು ಅಂಕಿ ಜೋಡಿಸಿ ಓದು."

ಎಪ್ಪತ್ತೊಂದು. ಐವತ್ನಾಲ್ಕು. ಆಮೇಲೆ ಅರವತ್ತರ ಮೇಲೆ ಏನೋ ಒಂದು. ಕೊನೆಯ ಅಂಕಿ ಅಂಚಿನಿಂದ ಬಿದ್ದುಹೋಗಿತ್ತು. ಯಾರದೋ ಬೆರಳು ಒಂದು ಸೊನ್ನೆ ಹೆಚ್ಚು ಒತ್ತಿತ್ತು. ಅಲ್ಲಿಂದ ಮುಂದಿನ ಅಂಕಿಗಳೆಲ್ಲ ಒಂದೊಂದು ಮನೆ ಸರಿದಿದ್ದವು.

ನಾನು ಅಳತೊಡಗಿದೆ. ಅಕ್ಕೋರ ಮುಖ ಮಾತ್ರ ಕೆಂಪಾಯಿತು. "ಅಳಬ್ಯಾಡ. ಸಿಟ್ಟಿಗೇಳು," ಎಂದರು. "ಇದನ್ನ ಯಾರೂ ತಪಾಸ ಮಾಡಿಲ್ಲ. ಯಾರೂ ನೋಡಿಲ್ಲ, ನಿನ್ನ ಹಾಳಿ ಒಬ್ಬರೂ ನೋಡಿಲ್ಲ!"

ಮಾವನನ್ನು ಒಪ್ಪಿಸಿ ನನ್ನನ್ನೂ ಕರೆದುಕೊಂಡು ಅವರು ಹೊರಟರು. ಫಲಿತಾಂಶದ ಕೆಲಸವನ್ನು ಗುತ್ತಿಗೆ ಹಿಡಿದಿದ್ದ ಖಾಸಗಿ ಕಂಪನಿ ಬಹಳ ದೂರದ ಊರಿನಲ್ಲಿತ್ತು. ಎರಡು ಬಸ್ಸು, ಒಂದು ರೈಲು. ಅಲ್ಲಿಯ ಮ್ಯಾನೇಜರು ದಕ್ಷಿಣದ ಕಡೆಯವರು. ನಮ್ಮನ್ನು ಕೂಡಿರಿ ಎನ್ನಲೂ ಇಲ್ಲ.

"ಮೆಷೀನ್ ತಪ್ಪು ಮಾಡಲ್ಲ ಕಣಮ್ಮ."

"ಖರೆ ಐತ್ರಿ, ಮಶೀನು ಮಾಡೂದಿಲ್ಲ. ಮಂದಿ ಮಾಡ್ತಾರ. ಅದಕ್ಕ ಕಾರ್ಡು ತಗೀರಿ, ನೋಡೂಣು."

"ಹಳ್ಳಿಯಿಂದ ಬಂದು ಕಂಪ್ಯೂಟರ್ ಬಗ್ಗೆ ಹೇಳಿಕೊಡ್ತೀಯಾ? ಫೇಲಾದೋರೆಲ್ಲ ಹೀಗೇ ಬರ್ತಾರೆ. ಒಬ್ಬಳಿಗೋಸ್ಕರ ಸಾವಿರಾರು ಕಾರ್ಡ್ ಹುಡುಕೋಕಾಗುತ್ತಾ?"

ಹನ್ನೊಂದು ವರ್ಷ ಅಂಥ ಯಂತ್ರದ ಮುಂದೆ ಕಳೆದವರಿಗೆ ಅವನು ಆಡಿದ ಮಾತು ಇದು. ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ಅಕ್ಕೋರು ಅಲ್ಲಿ ಜಗಳಕ್ಕೆ ನಿಲ್ಲಲಿಲ್ಲ. ರೈಲಿನಲ್ಲಿ ಕುಳಿತ ಮೇಲೆ ಹೇಳಿದರು: "ಒಬ್ಬಾಕಿ ಅಂದಾ. ಒಂದ ಕಾರ್ಡು ತಪಾಸ ಆಗಿಲ್ಲ ಅಂದ್ರ ಯಾವೂ ಆಗಿಲ್ಲ. ಉಳದಾವ್ರನ್ನ ಹುಡಕೂಣು."

ಮುಂದಿನ ಎರಡು ತಿಂಗಳು, ಶನಿವಾರ ಬಂತೆಂದರೆ ಕ್ಲಾಸಿಗೆ ಬೀಗ. ನಾವಿಬ್ಬರೂ ಬಸ್ಸು ಹತ್ತುತ್ತಿದ್ದೆವು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ. ಸಾಲೆ ಸಾಲೆಗೆ ಹೋಗಿ ಫೇಲಾದ ಮಕ್ಕಳ ಅಂಕಪಟ್ಟಿ ಕೇಳುವುದು, ಅಂಕಿಗಳನ್ನು ಸಾಲಾಗಿ ಬರೆದು ನೋಡುವುದು. ಪಾಸಾದವರ ಲೆಕ್ಕ ಎಲ್ಲ ಹೆಡ್‌ಮಾಸ್ತರರ ಬಾಯಿಯಲ್ಲಿತ್ತು. ಫೇಲಾದವರ ಹಾಳೆ ಎಲ್ಲಿದೆ ಎಂದರೆ ತಿಜೋರಿ ತಡಕಾಡುತ್ತಿದ್ದರು. ಇಂಡಿ ಕಡೆಯ ಒಂದು ಸಾಲೆಯಲ್ಲಿ ಹೆಡ್‌ಮಾಸ್ತರರು, "ಟೈಪ್ ಕಲಸಾವ್ರಿಗೆ ನಮ್ಮ ಸಾಲಿ ರಿಜಲ್ಟ್ ಯಾಕ ಬೇಕ್ರಿ?" ಎಂದು ಗದರಿದರು.

"ನಿಮಗ ಬ್ಯಾಡಾಗೇತಲ್ರಿ, ಅದಕ್ಕ ನನಗ ಬೇಕಾಗೇತಿ," ಎಂದು ಅಕ್ಕೋರು ಅಲ್ಲೇ ಬೆಂಚಿನ ಮೇಲೆ ಕುಳಿತರು. ಹಾಳೆ ಬರುವವರೆಗೂ ಏಳಲಿಲ್ಲ.

ಹಾಗೆ ಏಳು ಮಂದಿ ಸಿಕ್ಕೆವು. ಇಂಡಿ ತಾಲೂಕಿನಲ್ಲಿ ಇಬ್ಬರು, ಬಾಗೇವಾಡಿಯಲ್ಲಿ ಇಬ್ಬರು, ಸಿಂದಗಿಯಲ್ಲಿ ನಾನು ಮತ್ತು ಇನ್ನೊಬ್ಬ ಹುಡುಗ, ಮುದ್ದೇಬಿಹಾಳ ಕಡೆ ಒಬ್ಬಳು ಹುಡುಗಿ. ಎಲ್ಲರಿಗೂ ಎಲ್ಲೋ ಒಂದು ಕಡೆ ಅಂಕಿ ಸರಿದಿತ್ತು.

ಆ ಮುದ್ದೇಬಿಹಾಳದ ಹುಡುಗಿಯ ಮನೆಗೆ ಹೋದರೆ ಅವಳು ಅಲ್ಲಿರಲಿಲ್ಲ. ಫೇಲಾದಳೆಂದು ಮೂರು ವಾರದ ಹಿಂದೆ ಮದುವೆ ಮಾಡಿದ್ದರು. ಗಂಡನ ಊರು ಕೇಳಿಕೊಂಡು ಹೋದೆವು. ಅಂಗಳದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಕೈಯ ಹಸಿರು ಬಳೆ ಇನ್ನೂ ಹೊಸದು. ಅಕ್ಕೋರು ಅವಳ ಪಕ್ಕ ನೆಲದ ಮೇಲೆ ಕುಳಿತು ಅಂಕಿಗಳನ್ನು ಬಿಡಿಸಿ ತೋರಿಸಿದರು. ಹುಡುಗಿ ಜಾಣೆ, ಹೇಳಿ ಮುಗಿಯುವ ಮೊದಲೇ ತಿಳಿಯಿತು.

"ಹಂಗಾದ್ರ ನಾ ಪಾಸಾಗಿದ್ನೇನ್ರಿ?"

"ಹೌದು ನನ್ನವ್ವಾ. ಛಲೋತ್ನಾಗ ಪಾಸಾಗಿದ್ದಿ."

ಅವಳು ಒಳಗೆ ಅತ್ತೆ ಇದ್ದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ನಮ್ಮಪ್ಪಗ ಹೇಳಬ್ಯಾಡ್ರಿ, ಅಕ್ಕೋರ. ಅಂವಾ ತಡಕೊಳ್ಳೂದಿಲ್ಲ."

ಮರಳುವ ಬಸ್ಸಿನಲ್ಲಿ ಅಕ್ಕೋರು ಕಿಟಕಿಯ ಸರಳು ಹಿಡಿದು ಕುಳಿತಿದ್ದರು. ಬಾಗೇವಾಡಿ ದಾಟಿದ ಮೇಲೆ ಇದ್ದಕ್ಕಿದ್ದಂತೆ, ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ, "ಹೆಚ್ಚಂದ್ರ ಎರಡ ದಿನದ ಕೆಲಸ ಉಳಸಾಕ ತಪಾಸ ಬಿಟ್ಟಾರ. ಎರಡ ದಿನ!" ಎಂದರು.

ಎರಡನೆಯ ಸಲ ಕಂಪನಿಗೆ ಹೋದಾಗ ಅವರ ಕೈಯಲ್ಲಿ ಏಳು ಅಂಕಪಟ್ಟಿಗಳ ನಕಲು, ಮೇಲೆ ತಾವೇ ಟೈಪು ಮಾಡಿದ ಅರ್ಜಿ. ಅದರ ಪ್ರತಿಗಳನ್ನು ಪರೀಕ್ಷೆಯ ಮೇಲಧಿಕಾರಿಗಳಿಗೂ ಪತ್ರಿಕೆಗಳಿಗೂ ಕಳಿಸುವುದಾಗಿ ಕೆಳಗೆ ಬರೆದಿದ್ದರು. ಮ್ಯಾನೇಜರು ಈ ಸಲ ಕುರ್ಚಿ ಕೊಟ್ಟರು. ಕಾರ್ಡು ತರಿಸಿದರು. ಅಕ್ಕೋರು ನನ್ನ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಚಪ್ಪಟೆ ಬೆರಳಿನಿಂದ ತೂತುಗಳನ್ನು ಒಂದೊಂದಾಗಿ ಸವರಿ, "ಇಲ್ಲಿ ನೋಡ್ರಿ ಸಾಯೇಬ್ರ, ಇದ ಆ ಸೊನ್ನಿ," ಎಂದರು. ಮ್ಯಾನೇಜರು ನೋಡಿದರು. ಕಣ್ಣಿಗೆ ಕಾಣುತ್ತಿತ್ತು, ಅಲ್ಲಗಳೆಯಲು ದಾರಿ ಇರಲಿಲ್ಲ.

ಮ್ಯಾನೇಜರು ಒಬ್ಬ ಹುಡುಗಿಯನ್ನು ಕರೆಸಿದರು. ನನಗಿಂತ ಎರಡು ಮೂರು ವರ್ಷ ದೊಡ್ಡವಳು, ದಿನಗೂಲಿಯ ಮೇಲೆ ಕಾರ್ಡು ಒತ್ತುವವಳು. ಬಾಗಿಲಲ್ಲೇ ನಿಂತಳು.

"ಇವಳದೇ ಕೆಲಸ. ಇವತ್ತೇ ತೆಗೆದುಹಾಕ್ತೀನಿ. ಆಪರೇಟರ್ ತಪ್ಪಿನಿಂದ ಹೀಗಾಗಿದೆ, ಕಂಪನಿಯ ಮೇಲೆ ದೂರಿಲ್ಲ ಅಂತ ಬರೆದು ಸಹಿ ಮಾಡಿ. ನಾಳೆಯೇ ಹೊಸ ಅಂಕಪಟ್ಟಿ ಕೊಡಿಸ್ತೀನಿ."

ಅಕ್ಕೋರು ಆ ಹುಡುಗಿಯನ್ನು ಕೇಳಿದರು: "ದಿನಕ್ಕ ಎಷ್ಟ ಕಾರ್ಡು ಒತ್ತಸ್ತಾರ? ಹಿಂದ ತಪಾಸ ಮಾಡಾವ್ರು ಯಾರ ಇದ್ರು?"

ಹುಡುಗಿ ಮ್ಯಾನೇಜರ ಕಡೆ ನೋಡಿದಳು. "ಯಾರೂ ಇರಲಿಲ್ಲ. ಟೈಮ್ ಇಲ್ಲ, ಹಾಗೇ ಕಳಿಸಿ ಅಂದ್ರು."

"ಕೇಳಿದ್ರಿಲ್ಲ? ಈಕಿ ಬೆರಳು ಏಳ ಸಲ ತಪ್ಪೇತಿ, ಸಾಯೇಬ್ರ. ನೀವು ಒಮ್ಮೆರ ನೋಡಿಲ್ಲ. ಸಹಿ ಮಾಡೂದಿಲ್ಲ ನಾ." ಅರ್ಜಿಯನ್ನು ಮೇಜಿನ ಮೇಲಿಟ್ಟು ಎದ್ದರು.

ಮೆಟ್ಟಿಲ ಮೇಲೆ ನಾನು ಅವರ ಸೆರಗು ಹಿಡಿದು ಬೇಡಿಕೊಂಡೆ. ಕಾಲೇಜು ಸೇರುವ ಗಡುವು ಮುಗಿಯುತ್ತಿತ್ತು. "ಸಹಿ ಮಾಡ್ರಿ ಅಕ್ಕೋರ, ಅಕಿ ಯಾರೋ ಏನೋ ನಮಗ," ಎಂದುಬಿಟ್ಟೆ.

ಅವರು ನನಗೆ ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. "ನಿನಗೂ ಹಿಂಗ ಅಂದಿದ್ರಲ್ಲ, ಒಬ್ಬಾಕಿ ಸಲುವಾಗಿ ಅಂತ," ಎಂದಷ್ಟೇ ಹೇಳಿ ಮೆಟ್ಟಿಲಿಳಿದರು. ಆ ದಿನ ನಾನು ಅವರನ್ನು ದ್ವೇಷಿಸಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ.

ಅರ್ಜಿಯ ಪ್ರತಿಗಳನ್ನು ಅಕ್ಕೋರು ಬರೆದಿದ್ದಂತೆಯೇ ಮೇಲಧಿಕಾರಿಗಳಿಗೂ ಪತ್ರಿಕೆಗಳಿಗೂ ಅಂಚೆಯಲ್ಲಿ ಕಳಿಸಿದರು. ಹೊಸ ಅಂಕಪಟ್ಟಿ ಬಂದದ್ದು ದೀಪಾವಳಿಯ ಹೊತ್ತಿಗೆ. ಏಳು ಮಂದಿಗೂ ಬಂತು. ತೆಳ್ಳನೆಯ ಲಕೋಟೆ, ಮೂಲೆಯಲ್ಲಿ "ಪರಿಷ್ಕೃತ" ಎಂಬ ಮೊಹರು. ತಪ್ಪಾಯಿತು ಎಂಬ ಒಂದು ಮಾತಿಲ್ಲ. ಇಂದಿಗೂ ಯಾರೂ ಹೇಳಿಲ್ಲ. ನನ್ನ ಒಂದು ವರ್ಷ ಹೋಯಿತು. ಮುದ್ದೇಬಿಹಾಳದ ಹುಡುಗಿಯದು ಎಷ್ಟು ಹೋಯಿತೋ ನಾನು ಹೇಗೆ ಹೇಳಲಿ? ಕಾರ್ಡು ಒತ್ತುತ್ತಿದ್ದ ಹುಡುಗಿಯನ್ನು ಕೆಲಸದಲ್ಲಿ ಇಟ್ಟುಕೊಂಡರೋ ಇಲ್ಲವೋ ಎಂದು ತಿಳಿಯಲು ಅಕ್ಕೋರು ಎರಡು ಕಾಗದ ಬರೆದರು. ಉತ್ತರ ಬರಲಿಲ್ಲ.

ಅಕ್ಕೋರು ಯಂತ್ರಗಳ ವೈರಿಯಾಗಿರಲಿಲ್ಲ. ದಶಕ ಮುಗಿಯುವ ಹೊತ್ತಿಗೆ ಊರಿನ ವರ್ತಕರಿಗೆ ತೋರಿಸಲು ಒಬ್ಬ ಮಾರಾಟಗಾರ ಮೇಜಿನ ಮೇಲಿಡುವ ಪುಟ್ಟ ಲೆಕ್ಕದ ಯಂತ್ರ ತಂದಿದ್ದ. ಅಕ್ಕೋರು ಎಲ್ಲರಿಗಿಂತ ಮುಂದೆ ನಿಂತು, ಮುಚ್ಚಳ ತೆಗೆಸಿ ನೋಡಿದರು. ಉಗುರಿನಷ್ಟಗಲದ ಚಿಪ್ ಎಂಬ ಬಿಲ್ಲೆಯಲ್ಲಿ ಎಲ್ಲ ಕೆಲಸವೂ ಆಗುತ್ತದೆ ಎಂದು ಅವನು ಹೇಳಿದಾಗ, "ನಮ್ಮ ಮಶೀನು ಒಂದ ದೊಡ್ಡ ಖೋಲಿ ತುಂಬಾ ಇತ್ತು!" ಎಂದು ಕೂಸಿನಂತೆ ನಕ್ಕರು. ಆಮೇಲೆ ಕೇಳಿದರು: "ಒತ್ತಿದ್ದು ಎಲ್ಲಿ ಉಳೀತೈತಿ? ತಪ್ಪಾತಂದ್ರ ನಾ ಏನ ಹಿಡದು ಬೆಳಕಿಗೆ ನೋಡ್ಲಿ?"

"ಎಲ್ಲಾ ಒಳಗ ಇರ್ತೈತ್ರಿ ಬಾಯಾರ. ನೋಡೂದೇನ ಬೇಕಾಗಿಲ್ಲ," ಎಂದು ಅವನು ನಕ್ಕ. ವರ್ತಕರೂ ನಕ್ಕರು.

"ನಗಬ್ಯಾಡ್ರಿ. ನಾಳೆ ನಿಮ್ಮ ಮಗಳ ಹೆಸರೂ ಇದರೊಳಗ ಹೋಗತೈತಿ," ಎಂದು ಹೇಳಿ ಅಕ್ಕೋರು ಹೊರಟುಬಂದರು.

ಅದಾದ ಕೆಲವೇ ತಿಂಗಳಿಗೆ ಅವರಿಗೆ ಕಾಮಾಲೆಯಾಯಿತು. ನಾನು ವಿಜಾಪುರದಲ್ಲಿ ಓದುತ್ತಿದ್ದೆ. ಸುದ್ದಿ ಕೇಳಿ ಬರುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು. ಐವತ್ತು ತುಂಬಿರಲಿಲ್ಲ. ಅರಿವೆ ಅಂಗಡಿಯ ಕಟ್ಟೆಯ ಮೇಲೆ ನಾಲ್ಕಾರು ಹಿರಿಯರು ಕುಳಿತಿದ್ದರು. ಅವರಲ್ಲೊಬ್ಬರು, "ಛಲೋ ಹೆಣ್ಣಮಗಳು. ಆದ್ರ ಸಿಟ್ಟು ಭಾಳ. ಆ ಸಿಟ್ಟ ಅವರನ್ನ ತಿಂತು," ಎಂದರು.

"ಇಲ್ರಿ," ಎಂದೆ. "ಕಾಮಣಿ ತಿಂತ್ರಿ ಅವರನ್ನ. ಸಿಟ್ಟು ನಮ್ಮನ್ನ ಪಾಸು ಮಾಡಸ್ತು." ಹಿರಿಯರ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು.

ಮುಂದೆ ಮೂವತ್ತು ವರ್ಷ ಗಣಿತ ಕಲಿಸಿದೆ. ಫಲಿತಾಂಶದ ದಿನ ಉಳಿದ ಶಿಕ್ಷಕರು ಮೊದಲ ಸ್ಥಾನ ಬಂದವರಿಗೆ ಪೇಡೆ ತಿನ್ನಿಸುತ್ತಿದ್ದರು. ನಾನು ಫೇಲಾದವರ ಹಾಳೆಗಳನ್ನು ತರಿಸಿಕೊಂಡು ಒಂದು ಮೂಲೆಯಲ್ಲಿ ಕುಳಿತು ಓದುತ್ತಿದ್ದೆ. ಬಹಳ ಸಲ ಅವರು ನಿಜವಾಗಿಯೇ ಫೇಲಾಗಿರುತ್ತಿದ್ದರು. ಎರಡು ಸಲ ಹಾಗಿರಲಿಲ್ಲ. ಎರಡು ಸಲವೂ ಅದೇ ದಿನ ಬಸ್ಸು ಹತ್ತಿದೆ.