ಮಧ್ಯಾಹ್ನ ಕೇಳಿದ ಮಶೀನಿನ ಸದ್ದು

ಯಾರಾದರೂ ಇಂಥದ್ದನ್ನು ಹೇಳಲು ಕೂತರೆ ನಾನು ಮೊದಲೆಲ್ಲ ಎದ್ದು ಹೋಗುತ್ತಿದ್ದೆ. "ನಿಮಗ ಬ್ಯಾರೆ ಕೆಲಸ ಇಲ್ಲೇನ್ರಿ?" ಎಂದು ಮುಖದ ಮೇಲೆಯೇ ಕೇಳಿಬಿಡುತ್ತಿದ್ದೆ. ಆದ್ದರಿಂದ ನೀವು ಇದನ್ನು ನಂಬದಿದ್ದರೆ ನನಗೇನೂ ಸಿಟ್ಟಿಲ್ಲ.

ನಾವು ಧಾರವಾಡದ ಕಡೆಯವರು. ಪುಣೆಯ ಸದಾಶಿವ ಪೇಠದಲ್ಲಿ ನಮ್ಮ ಮನೆಯವರದು ವಹಿ, ಅಂದರೆ ನೋಟ್‌ಬುಕ್ಕು, ಪುಸ್ತಕದ ಅಂಗಡಿ. ಅವರ ಗೊರಕೆ ಇಡೀ ಬಿಲ್ಡಿಂಗಿಗೆ ಗೊತ್ತಿತ್ತು. ಎಲ್ಲರೂ ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ಗೊರಕೆಯ ನಡುವೆ ಉಸಿರೇ ನಿಂತುಹೋಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ನಾನು ನಗುವುದು ಬಿಟ್ಟೆ. ಮೂಗಿಗೆ ಮಾಸ್ಕು ಕಟ್ಟಿ, ಪೈಪಿನಿಂದ ಗಾಳಿ ಒತ್ತುವ ಮಶೀನೊಂದನ್ನು ಕೊಟ್ಟರು. ಸುಯ್ ಎನ್ನುವ ಅದರ ಸಣ್ಣ ಸದ್ದು ಕೇಳುತ್ತ ನಾನು ಎಷ್ಟೋ ವರ್ಷಗಳ ಮೇಲೆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಮಲಗಿದಾಗಲೆಲ್ಲ ಹಾಕಿಕೊಳ್ಳಬೇಕು ಎಂದಿದ್ದರು ಡಾಕ್ಟರು. ಆದರೆ ನಮ್ಮ ಪೇಠದಲ್ಲಿ ಒಂದರಿಂದ ನಾಲ್ಕರ ತನಕ ಅಂಗಡಿ ಮುಚ್ಚಿ, ಉಂಡು ಅಡ್ಡಾಗುವುದೇ ಧರ್ಮ. "ಮಧ್ಯಾಹ್ನದ್ದು ನಿದ್ದಿ ಅಲ್ಲ, ಬರೇ ಅಡ್ಡಾಗೋದು. ಅದಕ್ಕ್ಯಾಕ ಮಶೀನು?" ಎನ್ನುತ್ತಿದ್ದರು. ಜಗಳಾಡಿ ಜಗಳಾಡಿ ನಾನೇ ಸೋತೆ. ದಿನಾ ಮಧ್ಯಾಹ್ನ ಎರಡು ಮೂರು ಸಲ ಬಾಗಿಲಲ್ಲಿ ನಿಂತು ಕಿವಿಗೊಡುತ್ತಿದ್ದೆ. ಉಸಿರು ನಿಂತಂತೆನಿಸಿದರೆ ಕಾಲು ಅಲುಗಿಸುತ್ತಿದ್ದೆ. ಅವರು ಗೊಣಗಿ, ಮಗ್ಗಲು ಬದಲಿಸಿ, ಮತ್ತೆ ಉಸಿರಾಡುತ್ತಿದ್ದರು.

ಆ ದಿನ ಅವರ ತಂಗಿ ಬಂದಿದ್ದಳು. ಅವರು ಉಂಡು ಒಳಗೆ ಅಡ್ಡಾಗಿದ್ದರು, ನಾವಿಬ್ಬರೂ ಹೊರಗಿನ ಕೋಣೆಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದೆವು. ಒಳಗಿನಿಂದ ಸುಯ್ ಎಂಬ ಸದ್ದು ಕೇಳಿತು.

"ವೈನಿ, ಅಣ್ಣಗ ಬುದ್ಧಿ ಬಂತು ನೋಡ್ರಿ. ಹಗಲೂ ಮಶೀನು ಹಚ್ಚ್ಯಾನ," ಎಂದಳು.

"ಅಂತೂ ಬಂತಲ್ಲವಾ, ದೇವರು ದೊಡ್ಡಾವ," ಎಂದೆ. ಎಷ್ಟು ಸಂತೋಷವಾಯಿತೆಂದರೆ, ಎದ್ದು ಹೋಗಿ ನೋಡಲೇ ಇಲ್ಲ. ಮಾತಾಡುತ್ತ ಕೂತೆವು, ಸದ್ದು ನಡೆದೇ ಇತ್ತು.

ನಾಲ್ಕಕ್ಕೆ ಚಹಾ ತೆಗೆದುಕೊಂಡು ಬಾಗಿಲು ನೂಕಿದೆ. ಸದ್ದಿರಲಿಲ್ಲ. ಮಶೀನು ಕಪಾಟಿನ ಮೇಲೆ ಚೀಲದಲ್ಲಿತ್ತು, ಬೆಳಿಗ್ಗೆ ಹಾಕಿದ ಜಿಪ್ಪು ಹಾಕಿದಂತೆಯೇ ಇತ್ತು. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕಾಲು ಅಲುಗಿಸಿದೆ. ತಣ್ಣಗಿತ್ತು.

ಹೃದಯ ನಿಂತು ಬಹಳ ಹೊತ್ತಾಗಿದೆ ಎಂದರು ಡಾಕ್ಟರು. ಪಕ್ಕದ ಮನೆಯ ಕುಕ್ಕರ್ ಇದ್ದೀತು, ನಲ್ಲಿಯ ಗಾಳಿ ಇದ್ದೀತು ಎಂದು ಮಂದಿ ಏನೇನೋ ಹೇಳಿದರು. ತಿಂಗಳುಗಟ್ಟಲೆ ಮಧ್ಯಾಹ್ನ ಅಲ್ಲೇ ಕೂತು ಕಿವಿಗೊಟ್ಟೆ. ಅಂಥ ಸದ್ದು ಮತ್ತೆ ಕೇಳಲಿಲ್ಲ.

"ನಾನೂ ಕೇಳೀನಲ್ರಿ ವೈನಿ. ನೀವು ಚಿಂತಿ ಮಾಡಬಾರದು ಅಂತ ಅಣ್ಣನ ಹಂಗ ಮಾಡ್ಯಾನ," ಎಂದು ಅವರ ತಂಗಿ ಈಗಲೂ ಅಳುತ್ತಾಳೆ. ಅವಳಿಗೆ ಅದರಲ್ಲಿ ಸಮಾಧಾನ ಸಿಕ್ಕಿದೆ, ಸಿಗಲಿ.

ನನಗೆ ಸಿಕ್ಕಿಲ್ಲ. ಅದೇನೆಂದು ವರ್ಷಗಳು ಕಳೆದರೂ ತಿಳಿದಿಲ್ಲ. ಅದು ಕೇಳದೆ ಇದ್ದಿದ್ದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ.