ಬೀಗ ಹಾಕಿದ ರೌಟರ್

ಭಾಲ್ಕಿಯ ಆ ಓಣಿಯಲ್ಲಿ ಅರ್ಧ ಮನೆಯವರು ಮಳೆಯಿಲ್ಲದೆ ಪುಣೆಗೆ ದುಡಿಯಲು ಹೋಗಿದ್ದರು. ಉಳಿದವರು ನೀರಿನ ಡ್ರಮ್ಮಿಗೂ ಬೀಗ ಹಾಕುತ್ತಿದ್ದರು. ಅಲ್ಲೊಂದು ಮನೆಯ ಮಹಡಿಗೆ ನೆಟ್ ಸಿಗುತ್ತಿರಲಿಲ್ಲ, ನೆಟ್ ಜೋಡಿಸುವ ಕೆಲಸದ ನನ್ನನ್ನು ಕರೆಸಿದರು. ಕೆಳಗಿನ ರೌಟರಿನಿಂದ ವೈರ್ ಎಳೆದು ಮೇಲೆ ಇನ್ನೊಂದು ರೌಟರ್ ಕೂಡಿಸಿದೆ.

ಮನೆಯ ಅಮ್ಮ ಕಣ್ಣು ಕಿರಿದು ಮಾಡಿದರು. "ನಳಕ್ಕ ಹಚ್ಚಿದಂಗ ಇದಕ್ಕೂ ಬಾಜೂದವ್ರು ಮೋಟರ್ ಹಚ್ಚಿ ಎಳಕೊಂಡ್ರ ಹ್ಯಾಂಗರಿ?"

"ಪಾಸ್‌ವರ್ಡ್ ಅದರಿ, ಯಾರಿಗೂ ಸಿಗಲ್ಲ" ಅಂದೆ. ನಂಬಲಿಲ್ಲ.

ಮರುದಿನವೇ ಫೋನು, ಮಹಡಿಗೆ ನೆಟ್ ಇಲ್ಲ ಅಂತ. ಹೋಗಿ ನೋಡಿದರೆ ಹೊಸ ರೌಟರನ್ನು ವೈರ್ ಸಮೇತ ತಗಡಿನ ಟ್ರಂಕಿನೊಳಗಿಟ್ಟು ಬೀಗ ಹಾಕಿದ್ದರು; ತಗಡು ಸಿಗ್ನಲ್ ತಡೆದಿತ್ತು. ಹೊರಗೆ ತೆಗೆಸಿದೆ, ನೆಟ್ ಬಂತು.

ಅಮ್ಮನ ಮುಖ ಇನ್ನಷ್ಟು ಬಿಗಿಯಾಯಿತು. "ನೀವು ಬಂದ ಕೂಡ್ಲೇ ಬಂತಲ್ರಿ. ನೀರು ಬಿಡಾಂವನೂ ಹಿಂಗೇ. ಬಂದ್ ಮಾಡಾವ್ರೂ ನೀವೇ, ಬಿಡಾವ್ರೂ ನೀವೇ."