ಕಟ್ಟು ಕಟ್ಟುವ ಮುನ್ನ ಒಂದು ಕಾರ್ಡು

ಬೆಳಗಿನ ಆರು ಗಂಟೆ. ಸೇಲಂನ ಕಣ್ಣಿನ ಶಿಬಿರದ ಕಚೇರಿಯಲ್ಲಿ ಭುವನಾ ಒಬ್ಬರೇ ಕೂತು, ಈಗಷ್ಟೇ ಮುದ್ರಣವಾದ ಪೋಸ್ಟ್‌ಕಾರ್ಡೊಂದನ್ನು ಗಟ್ಟಿಯಾಗಿ ಓದುತ್ತಿದ್ದಾರೆ. ಕಾರ್ಡು ತಮಿಳಿನದು, ಬಾಯಲ್ಲಿ ಬರುವುದು ಕನ್ನಡ. "ನಮಸ್ಕಾರ... ತಪ್ಪದೆ ಬನ್ನಿ." ಅಷ್ಟೇ. ಯಾರು, ಎಲ್ಲಿಗೆ, ಯಾವತ್ತು, ಎಲ್ಲವೂ ಮಾಯ.

ಎಂಟಕ್ಕೆ ಅಂಚೆ ಚೀಲ ಹೊರಡುತ್ತದೆ. ಗುರುವಾರ ಪೆನ್ನಾಗರಂನಲ್ಲಿ ಎಂಬತ್ತಮೂರು ಮಂದಿಗೆ ಕಣ್ಣಿನ ಪೊರೆಯ ಆಪರೇಷನ್. ಕಾರ್ಡು ತಲುಪದವರ ಸರದಿ ಆರು ತಿಂಗಳಾಚೆಗೆ.

"ನಮ್ಮೂರಲ್ಲಿ ಮಾತು ಕನ್ನಡ, ಕಾಗ್ದ ಬರಾದು ತಮಿಳ್ನಾಗೆ," ಎನ್ನುತ್ತಾರೆ ಪೆನ್ನಾಗರಂ ಕಡೆಯ ಭುವನಾ. "ಇಸ್ಕೂಲಿಗೆ ಓಗ್ತಿದ್ದೋಳು ನಾನೊಬ್ಳೇ. ಯಾರ ಮನೆಗೆ ಕಾರ್ಡ್ ಬಂದ್ರೂ 'ಭುವನಾ, ಬಾ ಲೇ' ಅನ್ನೋರು." ಆ ರೂಢಿ ಬಿಟ್ಟಿಲ್ಲ. ಅಂಚೆಗೆ ಹೋಗುವ ಕಾರ್ಡುಗಳ ಕಟ್ಟು ಕಟ್ಟುವ ಮುನ್ನ ಒಂದು ಕಾರ್ಡನ್ನಾದರೂ ಓದಲೇಬೇಕು. ಕಳೆದ ವರ್ಷ, ತೊಂಬತ್ತೆಂಟರಲ್ಲಿ, ಪಿಎಚ್‌ಪಿ ಎಂಬ ಹೊಸ ಕಂಪ್ಯೂಟರ್ ಭಾಷೆಯನ್ನು ಕೈಪಿಡಿ ನೋಡಿಯೇ ಕಲಿತರು. ತಿಂಗಳಿಗೆ ಸಾವಿರದಿನ್ನೂರು ಕಾರ್ಡು ಅವರ ಕೈಯಿಂದಲೇ.

ಮಾದರಿ ಪತ್ರದಲ್ಲಿ ಹೆಸರು, ಜಾಗ, ದಿನ ಬರಬೇಕಾದಲ್ಲೆಲ್ಲ ಒಂದೊಂದು ಜೋಡಿ ಬಾಗಿದ ಬ್ರಾಕೆಟ್ಟು, ಅದರೊಳಗೆ ಏನು ಬರಬೇಕೆಂಬ ಗುರುತು. ಅವನ್ನು ಹುಡುಕಿ ತುಂಬುವುದು ಪ್ರೋಗ್ರಾಮಿನ ಕೆಲಸ. ನಿನ್ನೆಯವರೆಗೆ ಮೂರೂ ಬೇರೆ ಬೇರೆ ಸಾಲಿನಲ್ಲಿದ್ದವು. ಕಾರ್ಡಿನಲ್ಲಿ ಜಾಗ ಸಾಲದೆಂದು ಮ್ಯಾನೇಜರ್ ವೆಂಕಟಾಚಲಂ ಒಂದೇ ಸಾಲಿಗೆ ತರಿಸಿದರು.

ಈಗ ಅವರೇ ಬಂದು ಇಣುಕುತ್ತಾರೆ. "ಏನಮ್ಮಾ, ನಿನ್ ಕಂಪ್ಯೂಟ್ರಿಗೂ ಪೊರೆ ಬಂದೈತಾ?"

"ಕಣ್ ಸರಿಯಾಗೇ ಐತೆ ಸಾರ್, ಒಟ್ಟೆ ದೊಡ್ದು. ಮೊದಲ್ನೇ ಬ್ರಾಕೆಟ್‌ಗೆ ಬಾಯಿ ತಗೀತದೆ, ಸಾಲಿನ ಕಡೇ ಬ್ರಾಕೆಟ್‌ಗಂಟ ನುಂಗ್ತದೆ. ಮೂರನ್ನೂ ಒಂದೇ ಅಂದ್ಕೊಂಡು, ಅಂಥ ಗುರ್ತೇ ಇಲ್ಲಾಂತ ಖಾಲಿ ಬಿಡ್ತದೆ."

ಪ್ರೋಗ್ರಾಮಿನ ಹುಡುಕುವ ಸಾಲಿನಲ್ಲಿ, ಎರಡು ಬ್ರಾಕೆಟ್ಟುಗಳ ನಡುವೆ ಭುವನಾ ಬರೆದದ್ದು .* ಎಂದು. 'ಏನಿದ್ದರೂ, ಎಷ್ಟಿದ್ದರೂ' ಎಂದರ್ಥ. ಕೈಪಿಡಿಯ ಪುಟ ಮಗುಚಿ ಮಗುಚಿ, ಏಳು ಗಂಟೆಗೆ ಅದರ ಬೆನ್ನಿಗೊಂದು ಪ್ರಶ್ನಾರ್ಥಕ ಚಿಹ್ನೆ ಇಡುತ್ತಾರೆ: .*? "ಮೊದಲು ಸಿಕ್ಕಿದ ಮುಚ್ಚೋ ಬ್ರಾಕೆಟ್‌ನಲ್ಲೇ ನಿಲ್ಲು ಅಂದಂಗೆ."

ಪ್ರಿಂಟರ್ ಕಿರುಗುಟ್ಟುತ್ತದೆ. ಭುವನಾ ಮತ್ತೆ ಗಟ್ಟಿಯಾಗಿ ಓದುತ್ತಾರೆ: "ನಮಸ್ಕಾರ ಪುಟ್ಟಪ್ಪ ಅವರೇ, ಪೆನ್ನಾಗರಂ ಶಿಬಿರಕ್ಕೆ ಗುರುವಾರ ತಪ್ಪದೆ ಬನ್ನಿ." ಚೀಲ ಎಂಟಕ್ಕೇ ಹೊರಡುತ್ತದೆ.

ಗುರುವಾರ ಪೆನ್ನಾಗರಂನಲ್ಲಿ ಆ ಪುಟ್ಟಪ್ಪ, ಶಿಬಿರಕ್ಕೆ ಬಂದಿರುವ ಭುವನಾ ಮುಂದೆ ಕಾರ್ಡು ಚಾಚುತ್ತಾರೆ. "ಓದವ್ವಾ, ನಂದೇನಾ?"

"ನಿಂದೇ ತಾತಾ. ಎಸರೂ ಐತೆ, ದಿನಾನೂ ಐತೆ."

ನಿಮಗೇನು ಆಸೆ ಎಂದು ಕೇಳಿದರೆ ಭುವನಾ ತಾತನತ್ತ ಕೈ ತೋರಿಸುತ್ತಾರೆ. "ಕಣ್ಣಿನ ಕಟ್ಟು ಬಿಚ್ಚಿದ್ಮೇಲೆ ತಾತ ಆ ಕಾರ್ಡ್ ಒಂದ್ಸಲ ನೋಡ್ಲಿ. ಓದಾಕ್ ಬರ್ದಿದ್ರೂ ಪರವಾಗಿಲ್ಲ. ಅವ್ರ ಎಸರು ಎಂಗಿರ್ತದೆ ಅಂತ ಕಂಡ್ರೆ ಸಾಕು."